ಶೀನಾ, ಏಳು ಸಲ

ಹತ್ತಿರ ಬಂದು ನೋಡಿ, ಆದರೆ ಮುಟ್ಟಬೇಡಿ.
ಮೂರನೆಯದು ಇನ್ನೂ ಒಣಗಿಲ್ಲ.
ಡಂಡೀಯಲ್ಲಿ ಏನೂ ಬೇಗ ಒಣಗುವುದಿಲ್ಲ;
ಟೇ ನದಿಯ ಗಾಳಿ ಕಿಟಕಿಯ ಸಂದಿಯಲ್ಲಿ
ಒದ್ದೆ ಕೈ ಒರೆಸಿಕೊಳ್ಳದೆಯೇ ಒಳಗೆ ಬರುತ್ತದೆ.

ಗ್ರೇಮ್ ಮೇಷ್ಟ್ರು ಕೊಟ್ಟ ಲೆಕ್ಕ ಇಷ್ಟೇ:
ಒಬ್ಬರನ್ನು ಆರಿಸಿಕೊ, ಏಳು ಸಲ ಬರೆ,
ಸಲಕ್ಕೊಂದು ಸಾಮಾನು.
ನಾನು ಆರಿಸಿದ್ದು ಇಳಿಜಾರು ಬೀದಿಯ ಲಾಂಡ್ರಿಯಲ್ಲಿ
ಊರವರ ಹಾಸಿಗೆ ಬಟ್ಟೆ ಮಡಚುವವಳನ್ನು.
ಹೆಸರು ಶೀನಾ.
ನಮ್ಮ ಓಣಿಯಲ್ಲಿ ಆ ಹೆಸರಿಗೆ ಓಗೊಡುವವರೆಲ್ಲ
ಶ್ರೀನಿವಾಸರು, ಗಂಡಸರು, ಎಂದೆ.
ನಕ್ಕಳು. ಇಲ್ಲದ ಮೀಸೆ ತಿರುವಿದಳು.

ಮೊದಲನೆಯದು ಇದ್ದಿಲು.
ಬೆರಳಲ್ಲಿ ಉಜ್ಜಿ ಉಜ್ಜಿ
ಮೂಗು ಹೊಗೆಯಾಯಿತು, ಗದ್ದ ಮಸಿಯಾಯಿತು,
ಅವಳಿಗಿಂತ ನನ್ನ ಹೆಬ್ಬೆಟ್ಟೇ ಚೆನ್ನಾಗಿ ಮೂಡಿದೆ.

ಎರಡನೆಯದು ಶಾಯಿ, ಕಡಲಕ್ಕಿಯ ಗರಿ.
ಬಂದರಿನ ಕಟ್ಟೆಯ ಮೇಲೆ ಬಿದ್ದಿತ್ತು, ಚೂಪಾಗಿ ಕೆತ್ತಿದೆ.
ಕದಿಯುವ ಹಕ್ಕಿಯ ಗರಿಗೆ ಹೇಳಿದ ಮಾತು ಕೇಳಿ ಗೊತ್ತಿಲ್ಲ.
ಪ್ರತಿ ಗೆರೆಯೂ ಕೊನೆಯಲ್ಲಿ ಚಂಗನೆ ಮೇಲಕ್ಕೆ ಹಾರಿ
ಅವಳ ಚಿಪ್ಸಿನ ಪೊಟ್ಟಣಕ್ಕೇ ಕೈ ಹಾಕುತ್ತದೆ.

ಮೂರನೆಯದಕ್ಕೆ ಸಾಮಾನು ಅವಳೇ ಕೊಟ್ಟಳು.
ಡ್ರೈಯರಿನ ಜಾಲರಿಯಲ್ಲಿ ಕೂತ ಬೂದು ಅರಳೆ, ಒಂದು ಚೀಲ.
ಮೈದಾ ಗಂಜಿಯಲ್ಲಿ ಕಲಸಿ ಹಲಗೆಗೆ ಮೆತ್ತಿದೆ.
ಬಗ್ಗಿ ನೋಡಿದರೆ ಕೆನ್ನೆಯಲ್ಲಿ ಯಾರದೋ ಕೆಂಪು ಸ್ವೆಟರು,
ಹುಬ್ಬಿನಲ್ಲಿ ಒಂದು ನಾಯಿ,
ಕಿವಿಯ ಹಿಂದೆ ಜೇಬಲ್ಲೇ ಮರೆತ ಬಸ್ಸಿನ ಚೀಟಿ.
ಅವಳ ಬಟ್ಟೆಯ ಎಳೆ ಒಂದೂ ಇಲ್ಲ.
ಮನೆಯಲ್ಲಿ ಕೈಯಲ್ಲೇ ಒಗೆಯುತ್ತಾಳಂತೆ.

ನಾಲ್ಕು, ಲಿನೋ ಅಚ್ಚು.
ಎರಡು ವಾರ ಕೊರೆದೆ, ಒಂದು ಉಗುರು ಹೋಯಿತು.
ಒತ್ತಿ ಕಾಗದ ಎತ್ತಿದಾಗ ಕಂಡಿತು:
ಎಡಚಿಯನ್ನು ಬಲಗೈಯವಳನ್ನಾಗಿ ಮಾಡಿದ್ದೇನೆ.
ಅಚ್ಚು ಕನ್ನಡಿಯ ಜಾತಿ, ಮರೆತಿದ್ದೆ.
ನನ್ನನ್ನೂ ಒಮ್ಮೆ ಹೀಗೆ ತಿರುವಿ ಒತ್ತಿದ್ದರು,
ಒಂದನೇ ಕ್ಲಾಸಿನಲ್ಲಿ, ಅಡಿಪಟ್ಟಿಯಿಂದ, ಗೆಣ್ಣಿನ ಮೇಲೆ.
ಅಲ್ಲಿಂದ ಈಚೆಗೆ ನಾನು ಎಲ್ಲದಕ್ಕೂ ಬಲಗೈ.

ಐದು, ಆರು ಗೋಡೆಗೆ ಮುಖ ಮಾಡಿ ನಿಂತಿವೆ.
ಕೇಳಬೇಡಿ.
ಆರರಲ್ಲಿ ಹಾಲಿನ ಪುಡಿ ಇದೆ, ವಾಸನೆ ಹಿಡಿದಿದೆ.

ಏಳನೆಯದು ಅರಿಶಿನ.
ಕಾಲು ಕಿಲೋ, ಮೂಲೆಯ ಅಂಗಡಿಯ ಇಮ್ತಿಯಾಜರಿಂದ.
ಅವಳ ಬಕೆಟ್ಟಿನ ಸೋಪಿನ ನೀರಲ್ಲಿ ಕುಂಚ ಅದ್ದಿದೆ,
ಸೋಪು ತಾಕಿದಲ್ಲೆಲ್ಲ ಹಳದಿ ಕೆಂಪಿಗೆ ಹೊರಳಿತು,
ಆರತಿ ನೀರಿಗೆ ಸುಣ್ಣ ಬಿದ್ದ ಹಾಗೆ.
ಕ್ಲಾಸಿಗೆ ಕ್ಲಾಸೇ ಎದ್ದು ಬಂತು. ನಾನು ಬೀಗಿದೆ.
ಗ್ರೇಮ್ ಮಾತ್ರ ತಲೆ ಕೆರೆದುಕೊಂಡರು:
ಇದು ತಲೆಮರೆಸಿಕೊಳ್ಳುವ ಬಣ್ಣ ಕಣಮ್ಮ, ನಿಲ್ಲುವುದಿಲ್ಲ.
ಹಠಕ್ಕೆ ಬಿದ್ದು ಕಿಟಕಿಗೇ ಅಂಟಿಸಿದೆ.
ಜೂನ್ ತಿಂಗಳು, ರಾತ್ರಿ ಹತ್ತಾದರೂ ಬೆಳಕು.
ಹತ್ತೊಂಬತ್ತು ದಿನದಲ್ಲಿ
ತೋಳು ಹೋಯಿತು, ಕೊರಳು ಹೋಯಿತು, ನಗು ಹೋಯಿತು.

ಇವತ್ತು ಬೆಳಿಗ್ಗೆ ಶೀನಾ ಬಂದಿದ್ದಳು, ಏಪ್ರನ್ನಿನಲ್ಲೇ,
ಡ್ರೈಯರು ನಿಲ್ಲುವುದರೊಳಗೆ ಹೋಗಬೇಕೆಂದು.
ಇದ್ದಿಲು ನೋಡಿ, ಇದು ನಮ್ಮಕ್ಕ, ಎಂದಳು.
ಅಚ್ಚಿನ ಮುಂದೆ ಎರಡೂ ಕೈ ಎತ್ತಿ ಹೋಲಿಸಿಕೊಂಡಳು.
ಏಳನೆಯದರ ಬಳಿ ನಿಂತಳು.
ಕಾಫಿ ಕಲೆಯಷ್ಟೂ ಉಳಿಯದ ಹಾಳೆ.
ಪಿನ್ನು ಕಿತ್ತಳು.
ಎಡಗೈಯಲ್ಲಿ ಮೂಲೆಗೆ ಮೂಲೆ ಕೂಡಿಸಿ
ಅರ್ಧ ಮಡಚಿ, ಮತ್ತೆ ಅರ್ಧ ಮಡಚಿ,
ಅಂಗೈಯಿಂದ ಒಮ್ಮೆ ಒತ್ತಿದಳು.
ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.
ಆಮೇಲೆ ಬಿಡಿಸಿ, ಇದ್ದಲ್ಲೇ ಚುಚ್ಚಿ, ಹೊರಟುಹೋದಳು.

ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ.
ಪಕ್ಕದಿಂದ ಬೆಳಕು ಬಿದ್ದಾಗ ಕಾಣುತ್ತದೆ,
ಸ್ವಲ್ಪ ಈ ಕಡೆ ಬನ್ನಿ.

ಕೆಳಗೆ ಚೀಟಿ ಇದೆ, ಸಾಮಾನು ಏನೇನೆಂದು:
ಅರಿಶಿನ, ಸೋಪು, ಬಿಸಿಲು, ಶೀನಾ.
ಎಡಗೈಯಲ್ಲಿ ಬರೆದೆ.
ಅಕ್ಷರ ಒಂದನೇ ಕ್ಲಾಸಿನವು,
ನಿಧಾನ ಓದಿಕೊಳ್ಳಿ.