ಆರು ವಾರ, ಎರಡು ಜೊತೆ

ಕಂಕನಾಡಿಯ ಆಸ್ಪತ್ರೆಯಿಂದ ಬರುವಾಗ ಕೊಟ್ಟದ್ದು:
ಮಾತ್ರೆಯ ಚೀಟಿ, ನಾಲ್ಕು ಕಾಲಿನ ವಾಕರ್,
ಕತ್ತರಿಸಿ ತೆಗೆದ ಕಾಲುಂಗುರ
ಒಂದು ಚಿಕ್ಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ,
ಮತ್ತೆ ಈ ಬಿಳಿ ಕಾಲುಚೀಲ, ತೊಡೆಯವರೆಗೆ,
ಎರಡು ಜೊತೆ.

ಆರು ವಾರ, ಹಗಲೂ ರಾತ್ರಿಯೂ, ಎಂದರು.
ರಕ್ತ ಕಾಲಲ್ಲಿ ಕೂತು ಹೆಪ್ಪುಗಟ್ಟಬಾರದಂತೆ.
ಕೂತದ್ದಕ್ಕೇ ಅಲ್ಲವಾ ಡಾಕ್ಟ್ರೇ ಇದೆಲ್ಲ ಆದದ್ದು
ಎಂದು ಕೇಳಬೇಕೆಂದಿದ್ದೆ.
ಮೂವತ್ತನಾಲ್ಕು ವರ್ಷ ಚಕ್ಕಳಮಕ್ಕಳ,
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು,
ದಿನಕ್ಕೆ ಸಾವಿರ ಬೀಡಿ.
ಮಗಳು ಮಡಿಲು ಕೇಳಿದರೆ
ಬೆನ್ನು ಕೊಡುತ್ತಿದ್ದೆ.

ಈಗ ಚಕ್ಕಳಮಕ್ಕಳ ಇಲ್ಲ, ನೆಲ ಇಲ್ಲ, ಬಗ್ಗುವಂತಿಲ್ಲ.
ನನ್ನ ಪಾದ ನನಗೇ ಸಿಕ್ಕುವುದಿಲ್ಲ.
ಅದು ಅಲ್ಲೆಲ್ಲೋ ಮಂಚದ ತುದಿಯಲ್ಲಿ,
ಬೋಳಾರದಿಂದ ಕಾಣುವ ಉಳ್ಳಾಲದ ಹಾಗೆ,
ಹೊಳೆಯ ಆಚೆ.

ಹಾಗಾಗಿ ಇವರು.
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಮೂವತ್ತು ವರ್ಷ
ಫುಟ್‌ಬೋರ್ಡಿನಲ್ಲಿ ನೇತಾಡಿದ ಕಂಡಕ್ಟರು.
ಬೆರಳ ಸಂದಿಯಲ್ಲಿ ನೋಟು ಮಡಚಿ ಇಟ್ಟುಕೊಂಡ ಕೈ
ನನ್ನ ಕಾಲು ಮುಟ್ಟಿದ್ದು ಒಂದೇ ಸಲ,
ಕಾಲುಂಗುರ ತೊಡಿಸುವಾಗ.
ಅದೂ ಪುರೋಹಿತರು ಹೇಳಿದ್ದಕ್ಕೆ.

ಮೊದಲ ದಿನ ಚೀಲ ಮಂಡಿಯಲ್ಲೇ ನಿಂತಿತು,
ಪಂಪ್‌ವೆಲ್ಲಿನಲ್ಲಿ ಬಸ್ಸು ನಿಂತ ಹಾಗೆ.
"ಎಂತ ಮಾರಾಯ್ತಿ ಇದು, ಇಷ್ಟು ಬಿಗಿ!"
ಏಪ್ರಿಲ್ ಸೆಕೆ, ಕರೆಂಟಿಲ್ಲ,
ಪೌಡರ್ ಹಾಕಿದರೆ ಐದು ನಿಮಿಷದಲ್ಲಿ ಕಲಸಿದ ಹಿಟ್ಟು.

ಹೇಳಿಕೊಟ್ಟೆ.
ಎಳೆಯಬೇಡಿ. ಒಳಹೊರಗು ಮಾಡಿ ಹಿಮ್ಮಡಿಯವರೆಗೆ,
ಆಮೇಲೆ ಹೆಬ್ಬೆರಳಿನಲ್ಲಿ ಸ್ವಲ್ಪ ಸ್ವಲ್ಪವೇ
ಮೇಲೆ ಮೇಲೆ ಸುರುಳಿ ಬಿಚ್ಚಿ.
ಎಲೆಯೂ ಬೆರಳಿಗೇ ಗೊತ್ತಾಗಬೇಕಾದ್ದು:
ಬಿಗಿಯಾದರೆ ಹೊಗೆ ಹೋಗುವುದಿಲ್ಲ,
ಸಡಿಲಾದರೆ ನಂದುತ್ತದೆ,
ಸುಕ್ಕು ಬಿದ್ದರೆ ಬ್ರಾಂಚಿನಲ್ಲಿ ಚೆಕ್ಕರು ಮಾತೇ ಆಡುವುದಿಲ್ಲ,
ಕಟ್ಟು ಮುರಿದು ಬಿಸಾಡುತ್ತಾರೆ.
ನಾನು ಬಿಸಾಡಲಿಲ್ಲ.
"ಪಾಸಿಲ್ಲ," ಎಂದೆ, ಅಷ್ಟೆ. "ಬಿಚ್ಚಿ."

ತೊಳೆದ ಇನ್ನೊಂದು ಜೊತೆ ಅಂಗಳದ ಸರಿಗೆಯಲ್ಲಿ.
ಹೊಳೆಗಾಳಿಗೆ ಉಬ್ಬಿ, ಸೊಂಟವೇ ಇಲ್ಲದ ಕಾಲುಗಳು
ಪಡು ದಿಕ್ಕಿಗೆ ಓಡುವುದನ್ನು ಕಿಟಕಿಯಿಂದ ನೋಡಿದೆ.
ಪಕ್ಕದ ಮನೆಯ ಐರಿನ್ ಬಾಯಿ ಕೇಳಿದರು:
ನಿಮ್ಮಲ್ಲಿ ಫುಟ್‌ಬಾಲ್ ಆಡುವುದು ಯಾರು?

ರಾತ್ರಿ ತುರಿಕೆ. ಕಾಲ ನಡುವೆ ದಿಂಬು,
ಮಗ್ಗುಲಾಗುವಂತಿಲ್ಲ.
ಒಳಗೆ ಇಟ್ಟದ್ದು ಲೋಹವಂತೆ.
ಕರಿಮಣಿ, ಬಳೆ, ಬೆಂಡೋಲೆ ಎಲ್ಲ ಸೇರಿಸಿದರೂ
ಅದರ ಬೆಲೆಗೆ ಬರುವುದಿಲ್ಲ,
ಒಂದು ಮದುವೆಗೆ ತೋರಿಸಲಿಕ್ಕೂ ಆಗುವುದಿಲ್ಲ.
ಇವರು ಕೆಳಗೆ ಚಾಪೆಯಲ್ಲಿ,
ನಾನು ಕೂತು ಕೂತು ನುಣುಪಾದ ಸಿಮೆಂಟಿನ ಮೇಲೆ.

ಚೀಲದ ತುದಿಯಲ್ಲೊಂದು ತೂತು ಇದೆ, ಬೆರಳು ನೋಡಲಿಕ್ಕೆ.
ನೀಲಿಯಾಗಿದೆಯಾ, ತಣ್ಣಗಿದೆಯಾ.
ಕನ್ನಡಕ ಹಾಕಿ, ಐನೂರರ ನೋಟನ್ನು
ಬೆಳಕಿಗೆ ಹಿಡಿದು ನೋಡುವವರ ಹಾಗೆ ನೋಡುತ್ತಾರೆ.
ಉಗುರು ಒತ್ತುತ್ತಾರೆ. ಬಿಳಿಯಾಗುತ್ತದೆ. ಬಿಡುತ್ತಾರೆ.
ಕೆಂಪು ವಾಪಸು ಬರುವವರೆಗೆ ಉಸಿರಾಡುವುದಿಲ್ಲ.
ಎರಡನೇ ಬೆರಳಿನ ಬುಡದಲ್ಲಿ ಉಂಗುರದ ಜಾಗ,
ಒಂದು ಗೆರೆಯಷ್ಟು ಬಿಳಿ.
ಅವರ ಕೈ ಅಲ್ಲಿ ಸ್ವಲ್ಪ ನಿಲ್ಲುತ್ತದೆ,
ಸ್ಟಾಪ್ ಇಲ್ಲದ ಕಡೆ.

ಐದನೇ ವಾರ ಒಂದು ಬೆಳಿಗ್ಗೆ
ಪಾದ, ಹಿಮ್ಮಡಿ, ಮೀನಖಂಡ, ಮಂಡಿ, ತೊಡೆ,
ಒಂದೇ ಸಲಕ್ಕೆ ಏರಿತು. ಒಂದು ಸುಕ್ಕಿಲ್ಲ.
ಅಂಗೈಯಿಂದ ಸವರಿ ನೋಡಿಕೊಂಡರು.
ಹಲ್ಲು ಬಿದ್ದ ಕಡೆಯಿಂದ
ಸಣ್ಣಗೆ ಒಂದು ಸೀಟಿ, ರೈಟ್ ಎಂಬಂತೆ.

ಸಾವಿರದಲ್ಲಿ ಒಂದು ಬೀಡಿ ಬರುತ್ತದೆ ಹಾಗೆ,
ಕಟ್ಟಿಗೆ ಸೇರಿಸಲಿಕ್ಕೆ ಮನಸ್ಸಾಗುವುದಿಲ್ಲ.

ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ:
"ಎಡಗಾಲಿನದ್ದು ಪಾಸಿಲ್ಲ.
ಇನ್ನೊಮ್ಮೆ."