ಹುಟ್ಟು

ವಾಲ್ದಿವಿಯಾದ ಮೀನುಪೇಟೆಯ ಹಿಂದೆ
ಕಡಲಸಿಂಹಗಳು ಆಕಳಿಸುವ ಹೊತ್ತಿಗೆ
ಇಸೌರಾ ಕಾತ್ರಿಲಾಫ್ ಮಗಳನ್ನು ಕರೆತಂದಳು,
ಕಂಕುಳಲ್ಲಿ ಹಳೆಯ ಇಸಿಜಿಗಳ ಸುರುಳಿ.
ಮೂರು ಆಸ್ಪತ್ರೆ. ಮೂರರದ್ದೂ ಒಂದೇ ಮಾತು: ಸರಿಯಾಗಿದೆ.

ಕಿಂತುರಾಯ್‌ಗೆ ಹದಿನಾಲ್ಕು.
ಅಂಗೈ ತುಂಬ ಬೊಬ್ಬೆ ಒಡೆದು ಗಟ್ಟಿಯಾದ ದಡ್ಡು.
"ಕೊನೆಯ ಇನ್ನೂರು ಮೀಟರಿಗೆ ಹುಟ್ಟು ಬಿಡ್ತಾಳೆ,
ಸೋಮಾರಿ ಅಂತಾನೆ ಕೋಚು. ಇವಳ ಅಣ್ಣನೂ ಅಂತಾನೆ.
ನಾನೂ ಒಂದ್ಸಲ ಅಂದೆ."

ಕೊನೆಯ ಇನ್ನೂರು ಮೀಟರು.
ಮಂಚದ ಮೇಲೆ ಮಲಗಿಸಿ ಕೇಳಿದರೆ
ಯಾವ ಎದೆ ತಾನೆ ಬಾಯಿಬಿಟ್ಟೀತು?
ನೆಂಟರೆದುರು ಕೈಕಟ್ಟಿ ಕೂತ ಮಗುವಿನ ಹಾಗೆ
ಒಳ್ಳೆಯದು ಅನ್ನಿಸಿಕೊಂಡು ಎದ್ದುಹೋಗುತ್ತದೆ.

ಸಿ.ಟಿ.ಯಲ್ಲಿ ಸಿಕ್ಕಿತು:
ಬಲದ ರಕ್ತನಾಳ ಎಡದ ಮನೆಯಲ್ಲಿ ಹುಟ್ಟಿ
ಎರಡು ಹಿರಿನಾಳಗಳ ಸಂದಿಯಲ್ಲಿ
ಮೈ ಚಪ್ಪಟೆ ಮಾಡಿಕೊಂಡು ತನ್ನೂರಿಗೆ ನುಸುಳುತ್ತಿತ್ತು.
ಬಾಯಿ ದುಂಡಗಿಲ್ಲ, ಅಂಗಿಯ ಕಾಜದಂಥ ಸೀಳು.
ಒಂದು ಹುಟ್ಟು ಅವಳ ಕೈಯಲ್ಲಿ,
ಇನ್ನೊಂದು ಎದೆಯಲ್ಲಿ, ಅವಳು ಅಳುವುದಕ್ಕಿಂತ
ಏಳು ತಿಂಗಳು ಮೊದಲಿನದು.

ಆದರೂ ನಕಾಶೆ ಕಂಡರೆ ಬಾಯಾರಿಕೆ ಕಂಡಂತಲ್ಲ.
ಇದೇ ಅಡ್ಡದಾರಿ ಇಟ್ಟುಕೊಂಡು ಎಂಬತ್ತು ದಾಟಿದವರಿದ್ದಾರೆ,
ಆಲೂಗಡ್ಡೆ ಅಗೆದು, ಮೊಮ್ಮಕ್ಕಳನ್ನು ಗದರಿ.
ಅನುಮಾನದ ಮೇಲೆ ಎದೆ ಕೊಯ್ಯಲೇ?

ಕೊಳವೆಯೊಳಗೆ ಮಲಗಿಸಿದೆವು. ಅಲುಗಬೇಡ ಅಂದೆವು.
ಡೊಬುಟಮಿನ್, ಹನಿ ಹನಿ.
ಅಲುಗದೆ ಮಲಗಿದವಳ ಹೃದಯ ದೋಣಿ ಹತ್ತಿತು.
ನೂರಿಪ್ಪತ್ತು. ನೂರ ನಲವತ್ತೈದು.
ಹಿರಿನಾಳ ಉಬ್ಬಿ ಉಬ್ಬಿ ಸಂದಿಯನ್ನು ಹಿಂಡುತ್ತಿರಬೇಕು.
ನೂರ ಎಪ್ಪತ್ತೆರಡಕ್ಕೆ ಬಣ್ಣ ಬಿಟ್ಟೆವು:
ಮಾಂಸವೆಲ್ಲ ಬೆಳಗಾಯಿತು,
ಕೆಳಗೋಡೆಯ ಒಳಅಂಚಿನಲ್ಲಿ ಮಾತ್ರ
ಉಗುರು ಕತ್ತರಿಸಿ ಬಿಸಾಡಿದಷ್ಟು ಕಪ್ಪು.
ನಾಲ್ಕು ಬಡಿತ. ಏಳು. ಹತ್ತು.
ಇನ್ನೂ ಕಪ್ಪೇ.
ಸಾಕು, ನಿಲ್ಲಿಸಿ, ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಮೊಗಸಾಲೆಯ ಬೆಂಚಿನಲ್ಲಿ ಇಸೌರಾಗೆ ಚಿತ್ರ ತೋರಿಸಿದೆ.
ಶಸ್ತ್ರಕ್ರಿಯೆಯ ಮಾತು ಶುರುಮಾಡಿದ್ದೆ,
ಅವಳು ಕೇಳುತ್ತಿರಲಿಲ್ಲ.
ಆ ಕಪ್ಪಿನ ಮೇಲೆ ಬೆರಳಿಟ್ಟು ಕೂತಿದ್ದಳು,
ಕೂಸಿನ ಕೆನ್ನೆಯ ಮಸಿ ಒರೆಸುವ ಹಾಗೆ.
"ಸೋಮಾರಿಯಲ್ಲ," ಅಂದಳು.
ಪ್ರಶ್ನೆಯಾಗಿರಲಿಲ್ಲ ಅದು.

ಒಳಗೆ ನರ್ಸು ಸೂಜಿ ತೆಗೆಯುತ್ತಿದ್ದಳು.
ಹಣೆಗೆ ಅಂಟಿದ ಕೂದಲು ಸರಿಸಿ ಹುಡುಗಿ ಕೇಳಿದಳು:
"ನಡುವೆ ನಿಲ್ಲಿಸಿಬಿಟ್ಟಿರಲ್ಲ,
ಎಷ್ಟು ಮೀಟರು ಉಳಿದಿತ್ತು?"