ಆರ್-ಹದಿನೇಳು

ಮಾರ್ಚ್ ಸಂಚಿಕೆ ಬಂದದ್ದು ಆಗಸ್ಟಿನಲ್ಲಿ,
ಕಂದು ಲಕೋಟೆಯ ಒಂದು ಮೂಲೆ ನೆಂದು.
ಅಟೆಂಡರ್ ಪರ್ವತೇಶ ಅಂಗೈಯಲ್ಲೇ ತೂಗಿ
‘ಈ ಸಲ ದಪ್ಪ ಬಂದೈತೆ ಮೇಡಂ’ ಅಂದ.
ಅರಸೀಕೆರೆ ಮಾರ್ಕೆಟ್ಟಿನಲ್ಲಿ ಕೊಬ್ಬರಿ ತೂಗಿದ ಕೈ,
ಹತ್ತು ಗ್ರಾಂ ಆಚೀಚೆ ಆಗುವುದಿಲ್ಲ.

ನಾನು ರಾಜ್ಯಶಾಸ್ತ್ರಜ್ಞರ ಸಂಘದ ಆಜೀವ ಸದಸ್ಯೆ.
ಮೊದಲ ಸಂಬಳದಲ್ಲಿ ಸೀರೆ ತರಲಿಲ್ಲ, ಡಿ.ಡಿ. ತೆಗೆಸಿದೆ.
ಹತ್ತೊಂಬತ್ತು ವರ್ಷ ದಿಲ್ಲಿಯಿಂದ ಬಂದದ್ದು
ಸಂಚಿಕೆ, ಸಮ್ಮೇಳನದ ಸುತ್ತೋಲೆ,
ಎರಡು ವರ್ಷಕ್ಕೊಮ್ಮೆ ಒಂದು ಮತಪತ್ರ:
ಅಧ್ಯಕ್ಷಗಿರಿಗೆ ಮೂವರು, ಖಜಾಂಚಿಗೆ ಇಬ್ಬರು,
ಕಂಡವರಲ್ಲ, ಕೇಳಿದವರಲ್ಲ.
ಮತದಾರರ ನಡವಳಿಕೆ ಪಾಠ ಮಾಡುವ ನಾನು
ಪಟ್ಟಿಯಲ್ಲಿ ಮೊದಲು ಕಂಡವರಿಗೆ ಗುರುತು ಹಾಕುತ್ತೇನೆ.
ಬಿ.ಎ. ಹುಡುಗರಿಗೆ ಹೇಳಬೇಡಿ.

ಈ ಸಲ ಒಳಗೆ ನಾನಿದ್ದೆ,
ಪುಟ ಎಂಬತ್ತೊಂದರಿಂದ ತೊಂಬತ್ತಾರು.
ಎಂ. ಎನ್. ರುದ್ರಾಣಿ, ದಪ್ಪ ಅಕ್ಷರದಲ್ಲಿ.
ಕಾಲೇಜಿನ ವಿಳಾಸದಲ್ಲಿ ‘ಸೀ’ ಬಿದ್ದುಹೋಗಿ
ಅರಸಿ ಇಲ್ಲದ ಅರಕೆರೆ ಆಗಿದ್ದೆವು.

ಎರಡು ವರ್ಷ ಹಿಡಿಯಿತು.
ಹೆಸರು ಹೇಳದ ಇಬ್ಬರು ಓದಿ ತೀರ್ಪು ಕೊಡುವುದು ಪದ್ಧತಿ.
ಒಬ್ಬರು ಪರವಾಗಿಲ್ಲ ಎಂದರು.
ಇನ್ನೊಬ್ಬರು:
‘ಒಂದೇ ಪಂಚಾಯಿತಿ, ಇಪ್ಪತ್ತೆರಡೇ ಜನ,
ಇದರಿಂದ ಏನು ಸಾಬೀತಾಗುತ್ತದೆ?
“ಆಕೆ ನಕ್ಕರು” ಎಂಬುದನ್ನು ತೆಗೆಯಿರಿ.
ನಗು ದತ್ತಾಂಶವಲ್ಲ.’
ತೆಗೆದೆ.

ಶನಿವಾರ ಬಾಣಾವರದ ಬಸ್ಸು ಹತ್ತಿ
ದ್ಯಾವೀರಮ್ಮನವರನ್ನು ಹುಡುಕಿಕೊಂಡು ಹೋದೆ.
ಮೀಸಲು ಕುರ್ಚಿಯಲ್ಲಿ ಹದಿನೆಂಟು ತಿಂಗಳು ಅಧ್ಯಕ್ಷೆ,
ಹತ್ತೊಂಬತ್ತನೆಯದರಲ್ಲಿ ಅವಿಶ್ವಾಸ.
ಹನ್ನೆರಡರಲ್ಲಿ ಒಂಬತ್ತು ಕೈ ಎದ್ದವು,
ಒಂದರಲ್ಲಿ ಇವರೇ ತೊಡಿಸಿದ ಹಸಿರು ಬಳೆ.
ಈಗ ಸಾಹುಕಾರರ ಶೆಡ್ಡಿನಲ್ಲಿ
ಚಿಪ್ಪಿನಿಂದ ಗಿಟುಕು ಬಿಡಿಸುವ ಕೂಲಿ.

ಸೆರಗಿಗೆ ಕೈ ಒರೆಸಿ ತೆಗೆದುಕೊಂಡರು.
‘ಇದ್ರಲ್ಲಿ ನಾನ್ ಎಲ್ಲಿದೀನಿ?’
ಎಂಬತ್ತೆಂಟನೆಯ ಪುಟ, ಕೆಳಗಿಂದ ಮೂರನೆಯ ಸಾಲು.
‘ಏನಂತ ಐತೆ?’
‘ಆರ್-ಹದಿನೇಳು.’
‘ಆರೋ, ಹದಿನೇಳೋ? ಒಂದ್ ಹೇಳ್ರವ್ವ.’

ಹೆಸರು ಹಾಕುವಂತಿಲ್ಲ, ಅದು ನಿಯಮ,
ನಿಮಗೆ ತೊಂದರೆ ಆಗದಿರಲಿ ಅಂತ, ಎಂದೆ.
‘ಮೈಕಲ್ಲಿ ನನ್ನ ಹೆಸರು ಕೂಗಿ ಕುರ್ಚಿಯಿಂದ ಎಬ್ಸಿದ್ರಲ್ಲ,
ಆಗ ಈ ನಿಯಮ ಊಟಕ್ಕೆ ಹೋಗಿತ್ತಾ?
ಬೋರ್ಡಿನ ಮೇಲಿದ್ದ ನನ್ನ ಹೆಸರಿಗೆ ಬಣ್ಣ ಬಳಿದೋನು
ಆವತ್ತೇ ಸಂಜೆ ಕೂಲಿ ಕೇಳೋಕೆ ನನ್ನ ಮನೆಗೇ ಬಂದಿದ್ದ.
ಕದ್ದೋರ ಹೆಸರು ಮುಚ್ಚಿಡ್ತಾರೆ ಕಣ್ರವ್ವ.
ನಾನೇನ್ ಕದ್ದೆ?’

ಆಮೇಲೆ ನಕ್ಕರು.
ಎರಡನೆಯ ತೀರ್ಪುಗಾರರೇ, ಬರೆದುಕೊಳ್ಳಿ:
ಶೆಡ್ಡಿನ ಏಳು ಹೆಂಗಸರೂ ಕತ್ತಿ ಕೆಳಗಿಟ್ಟರು.

‘ಈ ದಪ್ಪ ಅಕ್ಷರದ್ದು ಯಾರ ಹೆಸರು?’
‘ನನ್ನದು.’
‘ಮತ್ತೆ ನಿಮಗೆ ತೊಂದ್ರೆ ಆಗಲ್ವಾ?’

ನನ್ನ ಬಳಿ ಅಡಿಟಿಪ್ಪಣಿ ಇರಲಿಲ್ಲ.
ಪುಟಗಳ ನಡುವಿಂದ ಮತಪತ್ರ ಜಾರಿ
ಗಿಟುಕಿನ ಗುಡ್ಡೆಯ ಮೇಲೆ ಬಿತ್ತು.
ಎತ್ತಿಕೊಟ್ಟರು. ‘ಓಟಾ? ಯಾರ್‌ಯಾರು ನಿಂತವ್ರೆ?
ನಿಮ್ಮನೆ ಬಾಗ್ಲಿಗೆ ಬಂದು ಕೇಳಿದ್ರಾ?’
ಇಲ್ಲ ಎಂದೆ.
‘ನಮ್ಮೂರ ಕಳ್ರು ಕೈಯಾದ್ರೂ ಮುಗೀತಾರೆ’ ಅಂದು
ಕತ್ತಿಗೆ ಮರಳಿದರು.

ಹಳಗನ್ನಡದಲ್ಲಿ ‘ಆರ್’ ಅಂದರೆ ‘ಯಾರು’.
ಬಸ್ಸು ಊರು ದಾಟಿದ ಮೇಲೆ ಹೊಳೆಯಿತು,
ಹೇಳಲು ಪಕ್ಕದಲ್ಲಿ ನಿದ್ದೆಹೋದ ಕಂಡಕ್ಟರು ಮಾತ್ರ.

ಸೋಮವಾರ ಅಂಚೆಗೆ ಕೊನೆಯ ದಿನ.
ಗುಪ್ತ ಮತದಾನ, ಎರಡು ಲಕೋಟೆ, ಅಂಟು, ಸಹಿ.
ತೆಗೆದು ನೋಡಿದರೆ ಗಿಟುಕಿನ ಎಣ್ಣೆ ಹೀರಿ
ಕಾಗದ ಗಾಜಿನ ಹಾಗಾಗಿದೆ.
ಮೂವರೂ ಹಿಂಬದಿಯಿಂದ ಕಾಣುತ್ತಾರೆ, ತಲೆಕೆಳಗಾಗಿ.